ಕರ್ಮಣಿ ಪ್ರಯೋಗದಲ್ಲಿ ಒಂದು ನಿವೃತ್ತಿ

ಕೆಲವರು ಊಟಕ್ಕೆ ಕುಳಿತರೆ ಅನ್ನದಲ್ಲಿ ಕಲ್ಲು ಹುಡುಕುತ್ತಾರೆ. ನಾನು ಮಾತಿನಲ್ಲಿ ಕಲ್ಲು ಹುಡುಕುವವನು. ಇದು ಹುಟ್ಟಿನಿಂದ ಬಂದ ರೋಗವಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ ಕಲಿಸುತ್ತ ಹತ್ತಿಕೊಂಡದ್ದು. ಹಾವೇರಿಯ ನಮ್ಮ ಮನೆಗೆ ಯಾರಾದರೂ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಲಗ್ನಪತ್ರಿಕೆ ತಂದುಕೊಟ್ಟರೆ ಹೆಂಡತಿ ಶಾಂತಾ ಮುಹೂರ್ತ ನೋಡುತ್ತಾಳೆ, ನಾನು ಕೆಂಪು ಪೆನ್ನು ತೆಗೆಯುತ್ತೇನೆ. ಒಮ್ಮೆ ಕೊಟ್ಟವರ ಎದುರಿಗೇ ತೆಗೆದೆ. ಆ ಲಗ್ನದಲ್ಲಿ ನಮ್ಮಿಬ್ಬರನ್ನೂ ಯಾರೂ ‘ಊಟ ಆತೇನ್ರಿ’ ಎಂದು ಕೇಳಲಿಲ್ಲ. ಬರುವಾಗ ಶಾಂತಾ, “ಆ ಪೆನ್ನು ಮನ್ಯಾಗ ಬಿಟ್ಟು ಬಂದಿದ್ರ ನಾನರ ಹೋಳಿಗಿ ಉಣ್ತಿದ್ದೆ” ಎಂದಳು.

ನನ್ನ ನೌಕರಿ ಇದ್ದದ್ದು ರಾಣೆಬೆನ್ನೂರಿನಲ್ಲಿ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ. ಬ್ಯಾಡಗಿಯಲ್ಲಿ ನಮ್ಮ ಶಾಲೆಯ ವಿಜ್ಞಾನದ ಮಾಸ್ತರ ಮೆಹಬೂಬ ಹತ್ತುತ್ತಿದ್ದರು. ಮೆಣಸಿನಕಾಯಿ ಸುಗ್ಗಿಯಲ್ಲಿ ಅವರೊಬ್ಬರೇ ಹತ್ತುತ್ತಿರಲಿಲ್ಲ. ಪ್ಯಾಟೆಗೆ ಮಾಲು ಹಾಕಿ ಹೊರಟವರ ಅಂಗಿ, ಧೋತರ, ಟವೆಲ್ಲುಗಳ ಜೊತೆ ಘಾಟೂ ಹತ್ತುತ್ತಿತ್ತು. ಇಡೀ ಡಬ್ಬಿ ಸೀನುತ್ತಿತ್ತು. ಆ ಸೀನುಗಳ ನಡುವೆ ಮೆಹಬೂಬ ಒಂದು ದಿನ ನನ್ನ ಪಕ್ಕ ಕುಳಿತು ತಮ್ಮ ಕಷ್ಟ ಹೇಳಿಕೊಂಡರು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಎರಡೂ ನೀರು ಕುಡಿದಷ್ಟು ಸಲೀಸು. ಆದರೆ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮೀಡಿಯಂ ಶುರುವಾಗಿ, ವಿಜ್ಞಾನವನ್ನು ಇಂಗ್ಲಿಷಿನಲ್ಲೇ ಹೇಳಬೇಕಾಗಿ ಬಂದಿತ್ತು.

“ಸರ, ಸೈನ್ಸ್ ಪುಸ್ತಕದ ತುಂಬ ಬರೇ ಪ್ಯಾಸಿವ್ ವಾಯ್ಸ್ ಐತ್ರಿ. ಯಾರು ಮಾಡಿದ್ರು ಅಂತ ಎಲ್ಲೂ ಹೇಳಂಗಿಲ್ಲ. ಗ್ಯಾಸ್ ‘ಗಿವನ್ ಆಫ್’ ಆಗತೈತಿ, ದೀಪ ‘ಪುಟ್ ಔಟ್’ ಆಗತೈತಿ. ಈ ಆಫ್, ಔಟ್ ಎಲ್ಲಾ ಎಲ್ಲಿಂದ ಬರ್ತಾವ್ರಿ?”

ನನಗೆ ಹಬ್ಬವೇ ಆಯಿತು. ಇಂಗ್ಲಿಷಿನ ಕ್ರಿಯಾಪದದ ಹಿಂದೆ ಅಪ್, ಔಟ್, ಆಫ್ಟರ್ ಇಂಥ ಒಂದು ಗೇಣುದ್ದದ ಶಬ್ದ ಬಂದು ನಿಂತರೆ ಅರ್ಥವೇ ಬೇರೆಯಾಗುತ್ತದೆ; ‘ಲುಕ್’ ಅಂದರೆ ನೋಡುವುದು, ‘ಲುಕ್ ಆಫ್ಟರ್’ ಅಂದರೆ ಜೋಪಾನ ಮಾಡುವುದು. ಅದನ್ನು ಕರ್ಮಣಿಗೆ, ಅಂದರೆ ಅವರ ಪ್ಯಾಸಿವ್ ವಾಯ್ಸಿಗೆ, ತಿರುಗಿಸಿದಾಗ ಎಲ್ಲರೂ ಆ ಹಿಂದಿನ ಶಬ್ದ ನುಂಗಿಬಿಡುತ್ತಾರೆ. “ಮಗುವಿನ ಜೋಪಾನ ಆತು ಅನ್ನೋದಕ್ಕ ‘ದಿ ಚೈಲ್ಡ್ ವಾಸ್ ಲುಕ್ಡ್ ಆಫ್ಟರ್’ ಅನ್ಬೇಕು,” ಎಂದೆ. ಮೆಹಬೂಬ ಸ್ವಲ್ಪ ಹೊತ್ತು ಕಾದು, “ಆಫ್ಟರ್... ಮುಂದೇನ್ರಿ?” ಎಂದರು. “ಮುಂದೇನೂ ಇಲ್ಲ. ಅದು ಬಾಲ. ಬಾಲ ಕತ್ತರಿಸಬಾರದು, ಅಷ್ಟ.” ಎದುರಿನ ಸೀಟಿನ ಅಜ್ಜ ಒಬ್ಬ ಸೀನು ಮುಗಿಸಿ ಕಣ್ಣೊರೆಸಿಕೊಂಡು, “ಎತ್ತಿಂದೋ, ಹೋರಿದೋ ಸರ?” ಎಂದು ವಿಚಾರಿಸಿದ.

ಹೀಗೆ ಗಾಡಿಯ ಪಾಠ ಶುರುವಾಯಿತು. ಮೆಹಬೂಬ ಚುರುಕಿನ ಮನುಷ್ಯ. “ಕನ್ನಡದಾಗ ‘ನನ್ನಿಂದ ಚಹಾ ಕುಡಿಯಲ್ಪಟ್ಟಿತು’ ಅಂದ್ರ ನಮ್ಮ ಅಮ್ಮಿ ಡಾಕ್ಟರ ಹತ್ರ ಕರಕೊಂಡು ಹೋಗ್ತಾಳ್ರಿ,” ಎಂದು ನಗುತ್ತಲೇ ಕಲಿತರು. ತಪ್ಪಿದಲ್ಲೆಲ್ಲ ನಾನು ತಡೆಯುತ್ತಿದ್ದೆ. ಅವರು ನಿಂತು, ತಿದ್ದಿಕೊಂಡು, ಮುಂದೆ ಹೋಗುತ್ತಿದ್ದರು. ನಾನು ತಡೆದ ಮೇಲೂ ಮುಂದೆ ಹೋದವರು ಅಂದರೆ ಅವರೊಬ್ಬರೇ.

ಉಳಿದವರು ನಿಂತೇಬಿಟ್ಟಿದ್ದರು. ನಮ್ಮಲ್ಲಿ ಗಣಿತ ಹೇಳುವ ನಿರ್ಮಲಾ ಟೀಚರ್ ಮೊದಲು ಬಂದಾಗ ಸ್ಟಾಫ್ ರೂಮಿನಲ್ಲಿ ಹುಮ್ಮಸ್ಸಿನಿಂದ ಇಂಗ್ಲಿಷ್ ಮಾತಾಡುತ್ತಿದ್ದರು. ಒಂದು ದಿನ, ಪರೀಕ್ಷೆ ಮುಂದಕ್ಕೆ ಹೋಯಿತೆಂಬ ಸಂತೋಷದ ಸುದ್ದಿಯನ್ನು ಬಾಗಿಲಿನಿಂದಲೇ ಕೂಗುತ್ತ ಬಂದರು. ‘ಪುಟ್ ಆಫ್’ ಅನ್ನುವಲ್ಲಿ ‘ಪುಟ್ ಅಪ್’ ಅಂದರು. ನಾನು ಸುದ್ದಿ ಬಿಟ್ಟು ‘ಅಪ್’ ಹಿಡಿದೆ. ಆಮೇಲೆ ಅವರು ನನ್ನೆದುರು ಇಂಗ್ಲಿಷ್ ಆಡಲಿಲ್ಲ. ಕೆಲವು ಕಾಲದ ಮೇಲೆ ಕನ್ನಡವೂ ಕಡಿಮೆಯಾಯಿತು. ನಾನು ಒಳಗೆ ಹೋದರೆ ಅಲ್ಲಿಯ ನಗು ನಿಂತು, ಎಲ್ಲರಿಗೂ ಒಮ್ಮೆಲೇ ಉತ್ತರಪತ್ರಿಕೆ ತಿದ್ದುವ ಕೆಲಸ ನೆನಪಾಗುತ್ತಿತ್ತು. ಅದನ್ನು ನಾನು ನನ್ನ ಮೇಲಿನ ಗೌರವ ಎಂದು ತಿಳಿದಿದ್ದೆ. ಈಗ ಯೋಚಿಸಿದರೆ, ಎಷ್ಟೊಂದು ಒಳ್ಳೆಯ ಸುದ್ದಿಗಳು ಬಾಗಿಲ ತನಕ ಬಂದು ನನ್ನನ್ನು ನೋಡಿ ವಾಪಸ್ ಹೋದವೋ ಅನ್ನಿಸುತ್ತದೆ.

ಕೊನೆಗೆ ನನ್ನ ನಿವೃತ್ತಿಯ ದಿನ ಬಂತು. ಶಾಂತಾಳೂ ರೇಷ್ಮೆ ಸೀರೆ ಉಟ್ಟು ಜೊತೆಗೆ ಬಂದಿದ್ದಳು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಒಬ್ಬೊಬ್ಬರೂ ಎದ್ದು ಕನ್ನಡದಲ್ಲೇ ನನ್ನ ‘ಶಿಸ್ತು’ ಹೊಗಳಿ ಕುಳಿತರು. ಆ ಮಾತು ಬಿಟ್ಟರೆ ಅವರಿಗೆ ಬೇರೆ ಸಿಕ್ಕಂತಿರಲಿಲ್ಲ. ಆಮೇಲೆ ಮೆಹಬೂಬ ಮೈಕಿನ ಮುಂದೆ ನಿಂತರು. “ಸರ್ ಕಲಿಸಿದ ಭಾಷಾದಾಗನ ಸರ್ ಬಗ್ಗೆ ಎರಡು ಮಾತು ಹೇಳ್ತೇನ್ರಿ,” ಎಂದು ಗಂಟಲು ಸರಿ ಮಾಡಿಕೊಂಡರು. ನನ್ನ ಎದೆ ಉಬ್ಬಿತು.

“ಅವರ್ ಸರ್ ವಾಸ್ ಪುಟ್ ಅಪ್ ವಿತ್ ಬೈ ಆಲ್ ಆಫ್ ಅಸ್,” ಎಂದರು ಮೆಹಬೂಬ, ಒಂದೊಂದು ಶಬ್ದವನ್ನೂ ತೂಗಿ ಇಟ್ಟ ಹಾಗೆ. “ಫಾರ್ ಸೋ ಮೆನಿ ಇಯರ್ಸ್!”

ಭರ್ಜರಿ ಚಪ್ಪಾಳೆ. ಮೊದಲ ಸಾಲಿನಲ್ಲಿ ನಿರ್ಮಲಾ ಟೀಚರ್ ಮಾತ್ರ ಚಪ್ಪಾಳೆ ಹೊಡೆಯದೆ ಕೆಳಗೆ ಬಗ್ಗಿ ಏನನ್ನೋ ಹುಡುಕತೊಡಗಿದರು. ಅವರ ಭುಜ ಕುಲುಕುತ್ತಿತ್ತು.

ಇಂಗ್ಲಿಷಿನಲ್ಲಿ ‘ಪುಟ್ ಅಪ್ ವಿತ್’ ಅಂದರೆ ತಾಳಿಕೊಳ್ಳುವುದು. ಹಲ್ಲುನೋವನ್ನು, ಸೊಳ್ಳೆಯನ್ನು, ಬಂದು ಏಳದ ಬೀಗರನ್ನು ತಾಳಿಕೊಳ್ಳುತ್ತೇವಲ್ಲ, ಹಾಗೆ. ‘ನಮ್ಮ ಸರ್ ಅವರನ್ನು ನಾವೆಲ್ಲರೂ ಇಷ್ಟು ವರ್ಷ ತಾಳಿಕೊಂಡೆವು’ ಎಂದು ಮೆಹಬೂಬ ಸಭೆಗೆ ಸಾರಿದ್ದರು. ಹಾರದೊಳಗೆ ಕುಳಿತು ನಾನು ಆ ವಾಕ್ಯವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ‘ವಾಸ್’ ಇತ್ತು. ‘ಅಪ್’ ಇತ್ತು, ‘ವಿತ್’ ಇತ್ತು, ‘ಬೈ’ ಬರಬೇಕಾದಲ್ಲಿ ಬಂದಿತ್ತು. ನೂರಕ್ಕೆ ನೂರು ಕೊಡುವಂಥ ವಾಕ್ಯ. ನನ್ನಿಡೀ ನೌಕರಿಯಲ್ಲಿ ಒಬ್ಬರ ಬಾಯಿಂದಲೂ ಇಷ್ಟು ಶುದ್ಧವಾದ ಕರ್ಮಣಿ ಪ್ರಯೋಗ ಕೇಳಿರಲಿಲ್ಲ.

ಸಂಜೆಯ ಗಾಡಿಯಲ್ಲಿ ನಾನು, ಶಾಂತಾ, ಮೆಹಬೂಬ ಮೂವರೂ ವಾಪಸ್ ಹೊರಟೆವು. ಮೆಹಬೂಬರ ಮುಖದಲ್ಲಿ ಇನ್ನೂ ಸಭೆಯ ಕಳೆ ಇತ್ತು. ಸ್ವಲ್ಪ ಹೊತ್ತಿಗೆ ತಡೆಯಲಾರದೆ ಕೇಳಿಯೇಬಿಟ್ಟರು.

“ಸರ, ಎಲ್ಲಿಯರ ತಪ್ಪಾತೇನ್ರಿ? ನೀವು ಇದನ್ನ ಕಲಿಸಿರಲಿಲ್ಲ. ನಾನ ಕೂಡಿಸಿದೆ. ‘ಪುಟ್ ಅಪ್’ ಅಂದ್ರ ಎತ್ತರದಾಗ ಇಡೋದು. ‘ವಿತ್’ ಅಂದ್ರ ಜೋಡಿ. ನಿಮ್ಮನ್ನ ಎತ್ತರದಾಗ ಇಟ್ಟು, ನಮ್ಮ ಜೋಡೀನ ಇಟ್ಟುಕೊಂಡಿದ್ವಿ ಅಂತ ಹೇಳಿದೆ. ಹೌದಲ್ರಿ?”

ನನ್ನ ನಾಲಿಗೆ ಹಳೆಯ ಚಾಳಿಯಂತೆ ಎದ್ದು ನಿಂತಿತು. ‘ಅದು ಹಾಗಲ್ಲ’ ಎನ್ನುವುದಕ್ಕೆ ಎಷ್ಟು ಹೊತ್ತು? ಆದರೆ ಮರುದಿನ ಬೆಳಿಗ್ಗೆ ಅವರು ಮಕ್ಕಳ ಮುಂದೆ ನಿಂತು ಬಾಯಿ ತೆರೆಯಬೇಕಿತ್ತು. ಮುಂದೆಯೂ ದಿನಾ ತೆರೆಯಬೇಕಿತ್ತು. ನಿರ್ಮಲಾ ಟೀಚರ್ ಬಗ್ಗಿದ್ದು ಕಣ್ಣ ಮುಂದೆ ಬಂತು. ಅವರು ಮತ್ತೆ ನನ್ನೆದುರು ಬಾಯ್ತುಂಬ ಮಾತಾಡುವ ದಿನ ಇನ್ನು ಬರುವಂತಿರಲಿಲ್ಲ.

“ಸರಿ ಐತಿ,” ಎಂದೆ.

“ಖರೇ?”

“ಖರೇನ. ಒಂದಕ್ಷರ ತಿದ್ದುವಂಗಿಲ್ಲ.”

ಮೆಹಬೂಬ ನನ್ನ ಎರಡೂ ಕೈ ಹಿಡಿದುಕೊಂಡರು. ಬ್ಯಾಡಗಿ ಬಂತು. ಇಳಿಯುತ್ತ, “ನಾಳಿಂದ ಈ ಸೀಟಿನ್ಯಾಗ ಯಾರ ಜೋಡಿ ಮಾತಾಡ್ಲಿರಿ ಸರ?” ಎಂದರು. ಗಾಡಿ ಹೊರಟ ಮೇಲೂ ಪ್ಲಾಟ್‌ಫಾರ್ಮಿನಲ್ಲಿ ಕೈ ಎತ್ತಿಕೊಂಡೇ ನಿಂತಿದ್ದರು.

ಶಾಂತಾ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕೇಳಿದಳು: “ಅಷ್ಟು ಚಪ್ಪಾಳಿ ಬಿತ್ತಲ್ಲ, ಅವರು ಅಂದದ್ದರ ಅರ್ಥ ಏನ್ರಿ?”

ಹೆಂಡತಿಗೆ ಸುಳ್ಳು ಹೇಳುವ ಧೈರ್ಯ ನನಗಿಲ್ಲ. “ಇಷ್ಟು ವರ್ಷ ಎಲ್ಲಾರೂ ನನ್ನ ತಾಳಿಕೊಂಡಾರಂತ,” ಎಂದೆ.

ಅವಳು ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು ಸುಲಿದಳು.

“ಅವರೇನು ಬಿಡ್ರಿ, ಬರೇ ಹಗಲಹೊತ್ತು ತಾಳಿಕೊಂಡಾರ,” ಎಂದಳು. “ಆಯ್ತವಾರ ಅವರಿಗೆ ಸೂಟೀನೂ ಇತ್ತು.”

ಇದು ಕರ್ತರಿ ಪ್ರಯೋಗ. ಅದರಲ್ಲೂ ತಿದ್ದುವುದಕ್ಕೆ ನನಗೆ ಏನೂ ಸಿಗಲಿಲ್ಲ.