ಕಿಟಕಿಯ ಕಣ್ಣಿಗೆ ಕರಿ ಬಟ್ಟೆ

ಕಚೇರಿಯ ಕಿಟಕಿಗಳಿಗೆ ಹೊಸ ಗಾಜು ಬಂದ ದಿನವೇ ಪರದೆ ಹೊಲಿಯುವ ದರ್ಜಿಯ ಹೊಟ್ಟೆಯ ಮೇಲೆ ಏಟು ಬಿತ್ತು. ಅವನಿಗಿದ್ದ ದೊಡ್ಡ ಗಿರಾಕಿ ಆ ಕಚೇರಿಯೊಂದೇ. ಗಾಜಿನೊಳಗೆ ಸಾಸಿವೆಗಿಂತ ಸಣ್ಣ ಕದಗಳಿವೆಯಂತೆ. ಬಿಸಿಲು ಏರಿದರೆ ತಾವೇ ಮುಚ್ಚಿಕೊಳ್ಳುತ್ತವೆ, ಇಳಿದರೆ ತೆರೆದುಕೊಳ್ಳುತ್ತವೆ.

"ಈ ವಾರ ನೋಡ್ತೀನಿ. ಗಾಜು ಸರಿಹೋದ್ರೆ ನಿನ್ನ ಪರದೆ ಬೇಡ," ಅಂದಿದ್ದರು ಸಾಹೇಬರು.

ವಾರ ಮುಗಿಯುತ್ತ ಬಂದಿತ್ತು. ಗಾಜು ಎಳ್ಳಷ್ಟೂ ತಪ್ಪಿರಲಿಲ್ಲ. ಅದು ಸೋಲದಿದ್ದರೆ ದರ್ಜಿ ಹೊಲಿಗೆ ಯಂತ್ರ ಮಾರಬೇಕು.

ಗಾಜಿನವರು ಹೇಳಿದ್ದನ್ನು ಅವನು ಕಿವಿಗೊಟ್ಟು ಕೇಳಿದ್ದ. ಚೌಕಟ್ಟಿನ ಹೊರಗೆ ಕಡಲೆ ಗಾತ್ರದ ಒಂದು ಕಣ್ಣಿದೆ. ಬಿಸಿಲು ನೋಡಿ ಕದಗಳಿಗೆ ಹುಕುಂ ಕೊಡುವುದು ಅದೇ. ಆ ಕಣ್ಣಿಗೆ ಕರಿ ಬಟ್ಟೆ ಅಂಟಿಸಿದರೆ, ಕತ್ತಲಾಯಿತೆಂದು ಕದಗಳೆಲ್ಲ ಬಾಯಿ ತೆರೆಯುತ್ತವೆ.

ನಡುಮಧ್ಯಾಹ್ನ ಸಾಹೇಬರ ಕಿಟಕಿಗೆ ಹೊರಗಿನಿಂದ ಏಣಿ ಹಾಕಿ ಹತ್ತಿದ. ಜವಾನ ಎಲ್ಲಿಂದಲೋ ವಕ್ಕರಿಸಿ ಏಣಿ ಹಿಡಿದುಕೊಂಡ.

"ಏನ್ ಟೈಲರಣ್ಣ, ಮೇಲೆ?"

"ಗಾಜಿಗೆ ಧೂಳು ಕೂತಿದೆ, ಒರೆಸ್ತಿದೀನಿ."

"ಅನ್ನ ಕಿತ್ಕೊಂಡ ಗಾಜಿಗೇ ಸೇವೆನಾ? ನಿಮ್ಮಂಥ ಒಳ್ಳೆಯವ್ರು ಎಲ್ಲಿ ಸಿಗ್ತಾರೆ ಬಿಡಿ."

ಪಕ್ಕದ ಕಿಟಕಿಯಿಂದ ಟೈಪಿಸ್ಟ್ ಅಕ್ಕ ತಲೆ ಹಾಕಿದಳು. "ಬಂದಿದ್ದು ಒಳ್ಳೇದಾಯ್ತು. ನಮ್ಮ ಯಜಮಾನ್ರ ಪ್ಯಾಂಟು ಸೊಂಟದ ಹತ್ರ ಬಿಗೀತಿದೆ, ಸ್ವಲ್ಪ ಬಿಚ್ಚಿ ಹೊಲ್ಕೊಡಿ."

"ಏಣಿ ಮೇಲೆ ನಿಂತು ನಿಮ್ಮ ಯಜಮಾನ್ರ ಸೊಂಟ ನೋಡ್ಲಾ ಅಕ್ಕ?"

ಜವಾನ ನಕ್ಕ. ಅವನ ಜೊತೆ ಏಣಿಯೂ ನಕ್ಕಿತು. ದರ್ಜಿ ಬಟ್ಟೆ ಅಂಟಿಸಿದವನೇ ಮಾಗಿದ ಹಲಸಿನಂತೆ ಕೆಳಗುದುರಿದ.

ಒಳಗೆ ಸೂರ್ಯ ಅಪ್ಪಣೆ ಕೇಳದೆ ನುಗ್ಗಿದ್ದ. ಸಾಹೇಬರ ಬೋಳುತಲೆ ತಿಕ್ಕಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ಅವರು ಫೈಲು ತಲೆಗಿಟ್ಟುಕೊಂಡು ಮೇಜಿನ ಮರೆಗೆ ಸರಿದರು. ದರ್ಜಿ ಕುಂಟುತ್ತ ಬಂದು, ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡು ನಿಂತ.

"ನಾನು ಹೇಳ್ಲಿಲ್ವಾ ಸ್ವಾಮಿ? ಯಂತ್ರ ಯಾವತ್ತಿದ್ರೂ ಕೈ ಕೊಡುತ್ತೆ."

"ನೀನು ಹೇಳಿದ್ದೇ ಸರಿ ಕಣಯ್ಯ. ಈ ದರಿದ್ರ ಗಾಜನ್ನ ಇವತ್ತೇ ಕೀಳಿಸ್ತೀನಿ."

ದರ್ಜಿಯ ಕಾಲುನೋವು ಅಲ್ಲೇ ಮಾಯವಾಯಿತು. "ಹಾಗಾದ್ರೆ ಅಳತೆ ತಗೊಳ್ಲಾ ಸ್ವಾಮಿ?"

"ತಗೊ. ಎಲ್ಲ ಕಿಟಕೀದೂ ತಗೊ."

ಹೆತ್ತ ಮಗುವಿಗೆ ಅಂಗಿ ಹೊಲಿಯುವವನಂತೆ ಒಂದೊಂದು ಕಿಟಕಿಯನ್ನೂ ಮುಟ್ಟಿ ಮುಟ್ಟಿ ಅಳೆದ. ಉದ್ದ ಅಗಲ ತಪ್ಪದೆ ಒಪ್ಪಿಸಿದ. ಸಾಹೇಬರು ಬರೆದುಕೊಂಡು ಫೋನು ಎತ್ತಿದರು.

"ಮೇಸ್ತ್ರಿನಾ? ನಾಳೆನೇ ಬಾ. ಗಾಜೂ ಸಾಕು, ಪರದೆನೂ ಸಾಕು. ಅಷ್ಟೂ ಕಿಟಕಿಗೆ ಇಟ್ಟಿಗೆ ಇಟ್ಟು ಗೋಡೆ ಎತ್ತಿಬಿಡು. ಅಳತೆ ಹೇಳ್ತೀನಿ, ಬರ್ಕೊ. ನಮ್ಮ ದರ್ಜಿ ಅಳ್ದಿರೋದು, ಒಂದಿಂಚೂ ತಪ್ಪಿರಲ್ಲ."