ಗಟ್ಟಿಮೇಳಕ್ಕೆ ಕಂಪ್ಯೂಟರ್

ಕೆಮ್ಮನ್ನು ನುಂಗಬಹುದು, ಆಕಳಿಕೆಯನ್ನು ಸೆರಗಿನಲ್ಲಿ ಮುಚ್ಚಬಹುದು. ಸೀನು ಮಾತ್ರ ಯಾರ ಮುಲಾಜೂ ನೋಡುವುದಿಲ್ಲ. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರ ಸೀನೂ ಕಿವಿಗೆ ಬೀಳಬಾರದೆಂದೇ ಹಿರಿಯರು ಗಟ್ಟಿಮೇಳ ಇಟ್ಟಿದ್ದು. ನಾನಂತೂ ಸೀನಿಗೆ ಹೆದರುವವಳಲ್ಲ. ಹೆದರುವವರು ಬೀಗರ ಕಡೆಯಲ್ಲಿದ್ದರು.

ಕಳೆದ ಬೇಸಿಗೆಯಲ್ಲಿ ಹೊಸನಗರದ ನಮ್ಮ ಮನೆಯಲ್ಲಿ ಮೊಮ್ಮಗಳ ಮದುವೆ. ವರನ ಸೋದರತ್ತೆ ತೀರ್ಥಹಳ್ಳಿಯವರು. ನಿಶ್ಚಿತಾರ್ಥದ ದಿನ ಹಲ್ಲಿ ಲೊಚಗುಟ್ಟಿತೆಂದು ತಟ್ಟೆ ತಾಂಬೂಲ ಬಿಟ್ಟು ಎದ್ದು ಹೊರಟಿದ್ದ ಹೆಂಗಸು. ಮದುವೆಗೆ ಬಂದಿದ್ದೇ ನೆಗಡಿ ಹಚ್ಚಿಕೊಂಡು. ಪಕ್ಕದಲ್ಲಿ ಕೂತು ಕಷಾಯ ಕುಡಿಸಿದ್ದು ನಾನೇ. ಇಷ್ಟರ ಮೇಲೆ ವಾಲಗದವರು ಹತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ಮುಹೂರ್ತ ಹತ್ತಿರ, ಮೇಳವಿಲ್ಲ, ಸೋದರತ್ತೆಯ ಮೂಗು ಕೆಂಪಗಾಗಿದೆ.

ಆಗ ನನ್ನ ಕಿರಿಯ ಅಳಿಯ ನಾಗರಾಜ ಎದ್ದು ನಿಂತ. ಸಾಗರದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಾನೆ. ಟಿವಿಗೆ ಜೋಡಿಸುವ ಕಂಪ್ಯೂಟರೊಂದನ್ನು ತಂದು, ಅದರ ಕೈಲಿ ಹಾಡಿಸುತ್ತೇನೆಂದು ಹೆಂಡತಿಯ ನಿದ್ದೆ ಕೆಡಿಸಿದವನು. ಮದುವೆಗೂ ಅದನ್ನು ಹೊತ್ತು ತಂದಿದ್ದ, ನಾಲ್ಕು ಜನ ನೋಡಲಿ ಎಂದು.

"ಅತ್ತೆ, ವಾಲಗ ಇದರಲ್ಲೇ ಉಂಟು. ನನ್ನ ಕಾರಲ್ಲಿ ಕಂಪೆನಿಯವ್ರೇ ಕೂರ್ಸಿದ ಆಂಪ್ಲಿಫೈಯರ್ ಉಂಟಲ್ಲ, ಅದಕ್ಕೆ ಕೊಟ್ರೆ ಚಪ್ಪರ ಹಾರ್ಬೇಕು."

"ಚಪ್ಪರ ಇರ್ಲಿ ಮಾರಾಯ. ಸೀನು ಮುಚ್ಚಿದ್ರೆ ಸಾಕು."

ಕಾರನ್ನು ಹಿಂದಕ್ಕೆ ತಂದು ಚಪ್ಪರಕ್ಕೆ ಒತ್ತಿ ನಿಲ್ಲಿಸಿದ. ಕಂಪ್ಯೂಟರ್ ಜಗಲಿಯಲ್ಲಿ. ನಡುವೆ ವೈರು. ಗುಂಡಿ ಒತ್ತುವ ಮೊದಲೇ ಕಾರು 'ಗುಂಯ್' ಎಂದು ಕೂಗತೊಡಗಿತು. ಪುರೋಹಿತರು ಮಂತ್ರ ಮರೆತರು.

"ಇದು ಎಂಥ ರಾಗ ನಾಗರಾಜ?"

"ರಾಗ ಅಲ್ಲ ಅತ್ತೆ, ವೈರಿನ ಅರ್ತಿಂಗ್ ಸರಿ ಇಲ್ಲ. ಕಟ್ಟಿದ್ರೆ ನಿಲ್ತಿಲ್ಲ. ಈ ವೈರಿನ ತುದೀನ ಕಾರಿನ ಕಬ್ಣಕ್ಕೆ ಒತ್ತಿ ಹಿಡ್ಕಳಿ, ಸದ್ದು ನಿಲ್ಲುತ್ತೆ."

"ನಾನೇ ಆಗ್ಬೇಕನಾ?"

ನಾನೇ ಆಗಬೇಕಿತ್ತು. ಉಳಿದವರೆಲ್ಲ ಅಕ್ಷತೆ ಹಿಡಿದಿದ್ದರು. ಗಂಡ ಸತ್ತವಳು ಮಂಟಪದ ಹತ್ತಿರ ಕಾಣದಿದ್ದರೆ ಯಾರೂ ಹುಡುಕುವುದಿಲ್ಲ. ಒತ್ತಿ ಹಿಡಿದೆ. ಕಾರು ಮೌನವಾಯಿತು. ಅಲ್ಲಿಂದಲೇ ಆ ಸೋದರತ್ತೆಯ ಮೂಗಿನ ಮೇಲೆ ಕಣ್ಣಿಟ್ಟೆ.

"ಗಟ್ಟಿಮೇಳ!" ಎಂದರು ಪುರೋಹಿತರು. ನಾಗರಾಜ ಗುಂಡಿ ಒತ್ತಿದ. ಚಪ್ಪರ ಹಾರಲಿಲ್ಲ. ಕೋಳಿಮರಿ ತಾಯಿಯನ್ನು ಕರೆದ ಹಾಗೆ 'ಕೀಂ ಕೀಂ' ಎಂದು ಒಂದು ಸದ್ದು ಬಂತು. ಹುಡುಗ ತಾಳಿ ಎತ್ತಿದ. ಸೋದರತ್ತೆ ಸೆರಗು ಮೂಗಿಗೆ ಒಯ್ದರು. ನಾನು ವೈರನ್ನು ಇನ್ನಷ್ಟು ಒತ್ತಿದೆ. ಅವರು ಮೂಗು ಒರೆಸಿಕೊಂಡು ಸುಮ್ಮನಾದರು.

ಸೀನಿದ್ದು ನಾನು. ಸಣ್ಣದಲ್ಲ, ಮೈಯೆಲ್ಲ ಅಲ್ಲಾಡಿತು. ಆ ರಭಸಕ್ಕೆ ಕೈಯ ವೈರು ಜಾರಿತು, ಕಾರು ಎದೆ ಬಿರಿಯುವ ಹಾಗೆ 'ಗುಂಯ್' ಎಂದಿತು. ಆ ಸದ್ದಿನಲ್ಲೇ ಮೂರು ಗಂಟೂ ಬಿತ್ತು. ನನ್ನ ಸೀನು ಯಾರಿಗೂ ಕೇಳಲಿಲ್ಲ.

ಊಟದ ಪಂಕ್ತಿಯಲ್ಲಿ ಸೋದರತ್ತೆ, "ಕಡೆಗೆ ಸದ್ದು ಏರ್ಸಿದ್ರಲ್ಲ, ಅದು ಗಟ್ಟಿಮೇಳ ಅಂದ್ರೆ," ಎಂದು ತಲೆದೂಗಿದರು. ನಾಗರಾಜ ಮಾತ್ರ ಮುಖ ಊದಿಸಿಕೊಂಡು ಬಂದ. "ಕೈ ಎಂತಕ್ಕೆ ಬಿಟ್ರಿ ಅತ್ತೆ? ನನ್ನ ವಾಲಗ ಹಾಳಾಯ್ತು."

ಬೆಳಗಿನಿಂದ ಪರರ ಮೂಗು ಕಾಯಲು ನಾನಿದ್ದೆ. ನನ್ನದನ್ನು ಕಾಯಲು ಯಾರನ್ನಾದರೂ ಕೂರಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.