ತಂಬಿಗೆ ತಳದ ಅಕ್ಷರಗಳು

ನಮ್ಮ ಸೋದರಮಾವ ಊಟಕ್ಕೆ ಬರುತ್ತಾರೆಂದು ತಿಳಿದರೆ ನಮ್ಮ ಬಳಗದ ಹೆಂಗಸರು ಮೊದಲು ಮಾಡುವ ಕೆಲಸ ಸ್ಟೀಲು ಪಾತ್ರೆಗಳನ್ನು ಅಟ್ಟಕ್ಕೇರಿಸುವುದು. ಅವರೇನು ಕಳ್ಳರಲ್ಲ ಮತ್ತೆ! ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಹಣೆಗೆ ವಿಭೂತಿಯಿಲ್ಲದೆ ಹೊಸ್ತಿಲು ದಾಟದ ಮರ್ಯಾದಸ್ಥರು. ಆದರೆ ಕೈಗೆ ತಂಬಿಗೆ ಸಿಕ್ಕಿತೋ, ಅದರಲ್ಲಿ ನೀರಿದೆಯೋ ಮಜ್ಜಿಗೆಯಿದೆಯೋ ನೋಡದೆ ಬೋರಲು ಹಾಕಿಬಿಡುತ್ತಾರೆ. ಅವರಿಗೆ ಬೇಕಾದದ್ದು ಒಳಗಿನದಲ್ಲ, ತಳದಲ್ಲಿ ಕೊರೆದ ಹೆಸರು.

ನಮ್ಮ ಕಡೆ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಇಲ್ಲದಿದ್ದರೆ ಕೊಟ್ಟೂ ಕೊಡದ ಹಾಗೆ. ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ ಹೀಗೆ ಹೆಸರು ಹಾಕುತ್ತಿದ್ದವಳು ಮಾಲೀಕರ ಮಗಳು. ಪೆನ್ನಿನಂತೆ ಹಿಡಿಯುವ ಕರೆಂಟಿನ ಮಿಷನ್ನು ಗುರ್ ಎನ್ನುತ್ತಿದ್ದರೆ ಅವಳ ಕೈಯಿಂದ ದುಂಡನೆಯ ಅಕ್ಷರಗಳು ಸಲೀಸಾಗಿ ಇಳಿಯುತ್ತಿದ್ದವಂತೆ. ನಮ್ಮ ಅವ್ವನ ಮದುವೆಗೆ ಪಾತ್ರೆ ತರಲು ಹೋದ ಮಾವ ಕೊಡಕ್ಕೆ, ಪರಾತಕ್ಕೆ ಹೆಸರು ಹಾಕಿಸಿದ್ದು ಸರಿ. ಸೌಟು, ಜಾಲರಿ, ಕೊನೆಗೆ ಇಕ್ಕಳಕ್ಕೂ ಹಾಕಿಸಿಕೊಂಡು ಬಂದರು. ಇಕ್ಕಳಕ್ಕೆ ಯಾರಾದರೂ ಹೆಸರು ಹಾಕಿಸುತ್ತಾರೆಯೇ? ಮನೆಯವರಿಗೆ ವಿಷಯ ತಿಳಿಯಲು ತಡವಾಗಲಿಲ್ಲ. ಆ ಹುಡುಗಿಯೇ ನಮ್ಮ ಅತ್ತೆ. ಆ ಇಕ್ಕಳ ಈಗಲೂ ನಮ್ಮ ಅಡುಗೆಮನೆಯಲ್ಲಿದೆ.

ಮದುವೆಯಾದ ಮೇಲೂ ಬಳಗದಲ್ಲಿ ಯಾರ ಮದುವೆಯಾದರೂ ಪಾತ್ರೆಗೆ ಹೆಸರು ಹಾಕುವವರು ಅತ್ತೆಯೇ. ಹಿರಿಯರ ಹೆಸರು, ಬೀಗರ ಹೆಸರು, ಊರವರ ಹೆಸರು ಎಲ್ಲ ಬರೆದರು. ಅವರದೇ ಹೆಸರು ಮಾತ್ರ ಒಂದು ಚಮಚದ ಮೇಲೂ ಇಲ್ಲ. ಕೊಡುವವರು ಮನೆಯ ದೊಡ್ಡವರು ತಾನೆ?

ಈಗೀಗ ಅತ್ತೆಯ ಬಲಗೈ ನಡುಗುತ್ತದೆ. ನನ್ನ ಮಗಳ ಮದುವೆ ಗೊತ್ತಾದಾಗ, "ಈ ಸಲ ಬ್ಯಾರೇರ ಕಡೆ ಹೆಸರು ಹಾಕಿಸವ್ವ, ನನ್ನ ಕೈಲೆ ಆಗಂಗಿಲ್ಲ" ಎಂದು ಒಳಗೆ ಹೋದರು. ಅವರ ಅಕ್ಷರವಿಲ್ಲದ ಮೊದಲ ಮದುವೆ ನನ್ನ ಮಗಳದೇ ಆಗಬೇಕೇ ಎಂದು ನನಗೂ ಸಂಕಟವಾಯಿತು.

ಆಗ ಮಾವ ಘೋಷಿಸಿದರು. "ಲಗ್ನಪತ್ರಿಕಿ ಪೂರಾ ಅಕಿ ಅಕ್ಷರದಾಗ ಅಚ್ಚು ಹಾಕಿಸ್ತೀನಿ ನೋಡ್ತಿರು. ಕೈಬರಹಾನ ಕಂಪ್ಯೂಟರ್ ಅಕ್ಷರ, ಅಂದ್ರ ಫಾಂಟ್ ಮಾಡೋ ಸಾಫ್ಟ್‌ವೇರ್ ಐತಿ ಬೇ, ಪುಕ್ಕಟೆ. ಯಾರು ಬೇಕಾದ್ರೂ ಇಳಿಸ್ಕೊಬಹುದು, ಒಳಗ ಬಿಚ್ಚಿ ನೋಡಬಹುದು, ತಿದ್ದಬಹುದು."

"ಪುಕ್ಕಟೆ ಅಂದ್ರ ನಿಮ್ಮ ಮಾವ ಕಾದ ಹಂಚೂ ಹೊತ್ಕೊಂಡು ಬರ್ತಾರ" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಆ ಸಾಫ್ಟ್‌ವೇರಿನ ಸೊಗಸು ಕೇಳಿ. ಪಾತ್ರೆಯ ಮೇಲಿನ ಅಕ್ಷರದ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ, ಅದರ ಅಂಚಿನ ಗುಂಟ ಗೆರೆ ಎಳೆಯಬೇಕು. ಗೆರೆಯ ಮೇಲೆ ಅಲ್ಲಲ್ಲಿ ಚುಕ್ಕೆಗಳು. ಒಂದು ಚುಕ್ಕೆ ಜಗ್ಗಿದರೆ 'ಬ'ಗೆ ಹೊಟ್ಟೆ ಬರುತ್ತದೆ, ಇನ್ನೊಂದು ಜಗ್ಗಿದರೆ ಬಾಲ. ಮೊದಲ ದಿನ ಮಾವ 'ಅಪ್ಪ' ಎಂದು ಒತ್ತಿದರೆ, ಕೆಳಗಿರಬೇಕಾದ ಒತ್ತಕ್ಷರ ಹೋಗಿ ಅಪ್ಪನ ತಲೆಯ ಮೇಲೆ ಕೂತಿತ್ತು.

"ಮಕ್ಕಳು ಹಂಗ ಅಲ್ಲೇನ್ರಿ" ಎಂದರು ಅತ್ತೆ, ಚಹಾ ಇಟ್ಟು ಹೋಗುತ್ತ.

ಒತ್ತಕ್ಷರವೇನೋ ಮೂರ್ನಾಲ್ಕು ದಿನಕ್ಕೆ ಇಳಿದು ಬಂತು. ಆದರೆ ಇರುವ ಹೆಸರುಗಳಲ್ಲಿ ಇದ್ದ ಅಕ್ಷರಗಳು ಮಾತ್ರ ತಾನೆ ಸಿಗುವುದು? ಉಳಿದವನ್ನು ಹುಡುಕಿಕೊಂಡು ಮಾವ ಊರೂರು ಹೊರಟರು. ಸಿರುಗುಪ್ಪದ ಒಂದು ಮದುವೆಯಲ್ಲಿ ಪಂಕ್ತಿಗೆ ಕೂತಿದ್ದೆವು. ಸಾರು ಬಡಿಸುವ ಹುಡುಗ ಬಂದದ್ದೇ ತಡ, ಮಾವ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಕೆಳಗಿನಿಂದ ನೋಡಿದರು. ಪಕ್ಕದಲ್ಲಿ ಕೂತಿದ್ದವರು ಗಂಡಿನ ಕಡೆಯ ಹಿರಿಯರು. ಹೊಸ ಬಿಳಿ ಪಂಚೆ. ಮುಂದಿನದನ್ನು ನಾನು ಹೇಳಬೇಕೇ? ಅವರು ಸಾರಿನಲ್ಲಿ ತೊಯ್ದು ಎದ್ದು ನಿಂತರೆ ಮಾವ ಅವರ ಹೆಗಲು ಹಿಡಿದು, "ನೀಲಕಂಠಗೌಡ ಅಂತ ಐತ್ರಿ, ನಮ್ಮಾಕಿ ಬರದಿದ್ದ. 'ಠ' ಸಿಕ್ತು, 'ಗೌ'ನೂ ಸಿಕ್ತು" ಎಂದರು. ಆ ಹಿರಿಯರ ಹೆಸರೇ ನೀಲಕಂಠಗೌಡ. ತಮ್ಮ ಬಕೆಟ್ಟಿನಿಂದಲೇ ತಮ್ಮ ಮೇಲೆ ಸಾರು ಬಿದ್ದದ್ದಕ್ಕೆ ಯಾರನ್ನು ಬೈಯಬೇಕೆಂದು ತಿಳಿಯದೆ ಅವರು ಕೈ ತೊಳೆಯಲು ಹೋದರು.

ಕುರುಗೋಡಿನಲ್ಲಿ ಇನ್ನೊಂದು ಪ್ರಕರಣ. ಅಲ್ಲಿ ನಮ್ಮ ದೂರದ ಚಿಕ್ಕವ್ವನ ಮನೆಗೆ ಹೋಗಿ ಮಾವ, "ನಮ್ಮವ್ವ ಈರಮ್ಮ ನಿಮ್ಮ ಮಗನ ಲಗ್ನಕ್ಕ ಕೊಟ್ಟ ತಟ್ಟಿ, ಕೊಡ ಎಲ್ಲಾ ಹೊರಗ ತರ್ರಿ" ಎಂದರು. ಯಾಕೆ, ಏನು ಎಂದು ಮೊದಲು ಹೇಳುವ ರೂಢಿ ಅವರಿಗಿಲ್ಲ.

ಚಿಕ್ಕವ್ವನ ಮುಖ ಕಪ್ಪಿಟ್ಟಿತು. "ಕೊಟ್ಟಿದ್ದು ವಾಪಸ್ ಕೇಳಾಕ ಬಂದೀಯೇನಪ? ತಗೊಂಡು ಹೋಗು" ಎಂದು ಅಂಗಳಕ್ಕೆ ತಂದು ದಡದಡ ಸುರಿದಳು. ಮಾವ ಆ ರಾಶಿಯ ನಡುವೆ ಕೂತು ಖುಷಿಯಿಂದ ಫೋಟೋ ತೆಗೆದುಕೊಂಡು, ಒಂದನ್ನೂ ಒಯ್ಯದೆ, ಕೈಮುಗಿದು ಬಂದರು. ಚಿಕ್ಕವ್ವನಿಗೆ ಸಿಟ್ಟು ಇಳಿದು ಚಿಂತೆ ಶುರುವಾಯಿತು. ಮೇಷ್ಟ್ರ ಮನೆಯಲ್ಲಿ ಏನೋ ಕಷ್ಟವಿದೆ, ಕೇಳಲು ಬಂದು ನಾಚಿಕೊಂಡು ಹೋದ ಎಂದು ಫೋನಿನಲ್ಲಿ ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದಳು. ಆ ವಾರ ಮೋಕ, ರೂಪನಗುಡಿ ಊರುಗಳ ನೆಂಟರು ಮಾವನ ಮನೆಯಿಂದ ತಮಗೆ ಬಂದಿದ್ದ ಪಾತ್ರೆಗಳನ್ನು, ಒಳಗೆ ಅಕ್ಕಿ ತುಂಬಿಸಿಕೊಂಡು, ಆಟೋದಲ್ಲಿ ತಂದು ಅವರ ಬಾಗಿಲಿಗೆ ಇಳಿಸಿದರು. ಅತ್ತೆ ನಾಚಿಕೆಯಿಂದ ನೆಲ ನೋಡುತ್ತಿದ್ದರೆ ಮಾವ ಅಕ್ಕಿಯನ್ನು ಚೀಲಕ್ಕೆ ಸುರಿದು ತಳ ನೋಡುತ್ತಿದ್ದರು!

ಇಷ್ಟಾದರೂ ಒಂದು ಅಕ್ಷರ ಸಿಗಲಿಲ್ಲ. ನನ್ನ ಅಳಿಯನಾಗುವವನ ಹೆಸರು ಋತ್ವಿಕ್. ನಮ್ಮ ಬಳಗದವರೆಲ್ಲ ಎರ್ರಿಸ್ವಾಮಿ, ಗಾದಿಲಿಂಗಪ್ಪ, ದೊಡ್ಡಬಸಪ್ಪ, ತಿಪ್ಪಮ್ಮ. ಇವರಲ್ಲಿ 'ಋ' ಎಲ್ಲಿಂದ ಬರಬೇಕು? ಪ್ರೆಸ್ಸಿನವನು ದಿನಾ ಫೋನ್ ಮಾಡತೊಡಗಿದ. "ನೀವೇ ಒಂದು ಬರದು ಹಾಕ್ರಿ ಮಾಮಾ" ಎಂದೆ. ಬರೆದರು. ಅತ್ತೆಯ ದುಂಡು ಅಕ್ಷರಗಳ ಸಾಲಿನಲ್ಲಿ ಅದು ತಪಾಸಣೆಗೆ ಬಂದ ಇನ್‌ಸ್ಪೆಕ್ಟರರ ಹಾಗೆ ಬಿಗಿದುಕೊಂಡು ನಿಂತಿತ್ತು. ಅಳಿಸಿಬಿಟ್ಟರು.

"ಅತ್ತೀನ ಕೇಳ್ರಿ ಮತ್ತ" ಎಂದೆ.

ಮಾವ ದನಿ ತಗ್ಗಿಸಿದರು. "ಕೇಳಿದ್ರ ಬರೀತಾಳ. ಬರದಾದ ಮ್ಯಾಲೆ ತನ್ನ ಕೈ ನೋಡ್ಕೊಂತ ಕುಂದರ್ತಾಳ. ಅದನ್ನ ನನ್ನ ಕೈಲೆ ನೋಡಾಕ ಆಗಂಗಿಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ನಾವು ಆಗ ಅದಕ್ಕೆ ಲಕ್ಷ್ಯ ಕೊಡಲಿಲ್ಲ.

ಮರುದಿನ ಮಗಳಿಗೆ ಪಾತ್ರೆ ಕೊಳ್ಳಲು ಬ್ರೂಸ್‌ಪೇಟೆಗೆ ಹೋದೆವು. ಅಂಗಡಿಯಲ್ಲಿ ಈಗ ಅತ್ತೆಯ ತಮ್ಮ ಕೂರುತ್ತಾರೆ. ಅತ್ತೆ ಅಳಿಯನಿಗೆಂದು ಒಂದು ತಂಬಿಗೆ ಆರಿಸಿ, "ಮಿಷನ್ ಇತ್ತ ಕೊಡಪ" ಎಂದರು. ಅವರ ತಮ್ಮ ಅನುಮಾನದಿಂದ ನಮ್ಮ ಕಡೆ ನೋಡಿ ಮಿಷನ್ನು ಕೊಟ್ಟರು. ಅತ್ತೆ ಎರಡೂ ಕೈಯಲ್ಲಿ ಮಿಷನ್ನು ಹಿಡಿದು ತಂಬಿಗೆಯ ಮೇಲೆ ಬಾಗಿದರು. ಗುರ್ ಎಂದಿತು, ನಿಂತಿತು, ಮತ್ತೆ ಗುರ್ ಎಂದಿತು. ಊರಿನ ಪಾತ್ರೆಗಳನ್ನೆಲ್ಲ ಬೋರಲು ಹಾಕಿ ನೋಡಿದ ಮಾವ ಆಗ ಮಾತ್ರ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು.

"ತಗೋರಿ ನಿಮ್ಮ 'ಋ'. ಸೊಟ್ಟ ಆಗೈತಿ, ಕಂಪ್ಯೂಟರ್‌ನಾಗ ನೆಟ್ಟಗ ಮಾಡ್ಕೊರಿ."

ಆ ಸಾಫ್ಟ್‌ವೇರಿನಲ್ಲಿ ಡೊಂಕು ಗೆರೆಯನ್ನು ನಯ ಮಾಡುವ ಸೌಕರ್ಯವೂ ಇದೆ. ಮಾವ ಅದನ್ನು ಮುಟ್ಟಲಿಲ್ಲ. ಪ್ರೆಸ್ಸಿನವನು ಫೋನ್ ಮಾಡಿ, "ಸರ್, ಹುಡುಗನ ಹೆಸರಾಗ ಮೊದಲ ಅಕ್ಷರ ನಡುಗಿದಂಗ ಐತಿ, ಸರಿ ಮಾಡ್ಲೇನ್ರಿ?" ಎಂದು ಕೇಳಿದ.

"ಉಳಿದಾವೆಲ್ಲ ಹಳೇವು, ಅದೊಂದ ಈಗ ಬರದಿದ್ದು. ಮುಟ್ಟಬ್ಯಾಡ" ಎಂದರು ಮಾವ.

ಪತ್ರಿಕೆ ಅಚ್ಚಾಗಿ ಬಂತು. ಅತ್ತೆ ಕೈಗೆ ತೆಗೆದುಕೊಂಡರು. ಕೈಯ ಜೊತೆ ಪತ್ರಿಕೆಯೂ ನಡುಗಿತು. ನಿಧಾನವಾಗಿ ಎಲ್ಲ ಓದಿ, ಮಾವನ ಕಡೆ ಒಮ್ಮೆ ನೋಡಿ, ಥೇಟು ಅವರ ಹಾಗೆಯೇ ಪತ್ರಿಕೆಯನ್ನು ಬೋರಲು ಹಾಕಿದರು. ಹಿಂಬದಿಯ ಕೆಳಗೆ, ಪಾತ್ರೆಯ ತಳದಲ್ಲಿ ಇರುವಂತೆ, ಸಣ್ಣದಾಗಿ ಒಂದೇ ಹೆಸರಿತ್ತು: ಗೌರಮ್ಮ.

ಅದು ಅತ್ತೆಯ ಹೆಸರು. ಅವರು ಅದರ ಮೇಲೆ ಬೆರಳಾಡಿಸಿದರು. "ನನ್ನ ಹೆಸರು ನಾ ಎಂದೂ ಬರದಿಲ್ಲಲ್ರಿ. ಇದೆಂಗ ಬಂತು?"

ಮಾವ ಅವರ ನಡುಗುವ ಕೈಯ ಕೆಳಗೆ ತಮ್ಮ ಕೈ ಕೊಟ್ಟು ಹಿಡಿದರು.

"ಎಲ್ಲಾ ನೀನ ಬರದಿದ್ದು. 'ಗೌ' ಸಿರುಗುಪ್ಪದ ಬಕೆಟ್ಟಿನ ಮ್ಯಾಲಿತ್ತು, 'ರಮ್ಮ' ಕುರುಗೋಡಿನ ತಟ್ಟ್ಯಾಗ ಇತ್ತು. ನಾ ಹೋಗಿ ಕೂಡಿಸ್ಕೊಂಡು ಬಂದೆ, ಅಷ್ಟ."